ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಅಳತೆಯ ಸ್ಥಾನ

ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಮೊದಲು ಕಲಿಯುವ ವಿದ್ಯಾರ್ಥಿಯು ಆ ಪಾಠಕ್ರಮದಿಂದ ಏನನ್ನು ನಿರೀಕ್ಷಿಸಬಹುದು? ಕರ್ನಾಟಕದ ಶಾಲೆಗಳಲ್ಲಿ ಬಳಕೆಗೆ ಬಂದ ಎನ್.ಸಿ.ಇ.ಆರ್.ಟಿ. ವಿಜ್ಞಾನ ಪುಸ್ತಕಗಳನ್ನು ಇತಿಹಾಸದ ಅಧ್ಯಾಪಕನೊಬ್ಬನು ಓದಿ ಹೇಳುವ ಮಾತಿದು. ಒಂಬತ್ತನೆಯ ತರಗತಿಗೆ ಚಲನೆ, ಬಲ, ಗುರುತ್ವ, ಶಬ್ದ. ಹತ್ತನೆಯದಕ್ಕೆ ಬೆಳಕು, ವಿದ್ಯುತ್ತು. ಚಲನೆಯ ಸಮೀಕರಣಗಳನ್ನು ಬಾಯಿಪಾಠಕ್ಕೆ ಬಿಡದೆ ನಕ್ಷೆಯ ಮೂಲಕ ಸಾಧಿಸಿ ತೋರಿಸುತ್ತಿದ್ದುದು ಮೆಚ್ಚತಕ್ಕದ್ದಾಗಿತ್ತು.

ಕೊರತೆಯಿರುವುದು ಬೇರೆಡೆ. ಲೆಕ್ಕದಲ್ಲಿ ವೇಗವು ಸೆಕೆಂಡಿಗೆ 20 ಮೀಟರ್ ಎಂದಿದ್ದರೆ ಅದು 20 ಮೀಟರೇ. ಅದನ್ನು ಯಾವ ಸಾಧನದಿಂದ ಅಳೆದರು, ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಶಾಸನವೊಂದರ ತೇದಿಯನ್ನು ನಮ್ಮ ವಿದ್ಯಾರ್ಥಿಗಳು ಹೀಗೆ ಒಪ್ಪಿಕೊಂಡರೆ ನಾವು ಸುಮ್ಮನಿರುವೆವೆ? ಗೆಲಿಲಿಯೋವಿನ ಜೀವನವೃತ್ತಾಂತ ಪುಸ್ತಕದಲ್ಲಿ ಉಂಟು, ಇಳಿಜಾರು ಹಲಗೆಯೂ ಉಂಟು; ಆದರೆ ಸೆಕೆಂಡನ್ನು ತೋರಿಸುವ ಗಡಿಯಾರವಿಲ್ಲದ ಕಾಲದಲ್ಲಿ ಅವನು ಕಾಲವನ್ನು ಅಳೆದ ಬಗೆಯಿಲ್ಲ. ಪಾತ್ರೆಯಿಂದ ಸಣ್ಣಧಾರೆಯಾಗಿ ಇಳಿದ ನೀರನ್ನು ಹಿಡಿದು ತೂಗಿದೆನೆಂದೂ, ಪ್ರಯೋಗವನ್ನು ನೂರು ಸಲ ಮಾಡಿದೆನೆಂದೂ ಅವನೇ 1638ರ ಗ್ರಂಥದಲ್ಲಿ ಬರೆದಿದ್ದಾನೆ. ಭೌತಶಾಸ್ತ್ರದ ಪ್ರಾಣವಿರುವುದು ಆ ನೂರು ಸಲದಲ್ಲಿ.

ಶಿಡ್ಲಘಟ್ಟದ ಬಾಲಕನಿಗೆ ಇದು ಹೊಸದಾಗಿ ತೋರಬೇಕಾಗಿಲ್ಲ. ರೇಷ್ಮೆ ನೂಲಿನ ದಪ್ಪವನ್ನು ಡೀನಿಯರ್‌ನಲ್ಲಿ ಹೇಳುವುದು ವಾಡಿಕೆ: 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೀನಿಯರ್. ಗೂಡಿನ ಎಳೆಯು ಒಳಗೆ ಹೋದಂತೆ ಸಣ್ಣಗಾಗುವುದರಿಂದ, ನೂಲು ಬಿಚ್ಚುವವರು ಹೊಸ ಗೂಡಿನ ಎಳೆಯನ್ನು ಸೇರಿಸುತ್ತಲೇ ಇರಬೇಕು. ನೂಲು ಎಲ್ಲೆಡೆಯೂ ಸಮನಾಗಿರಲಾರದು. ಆದಕಾರಣವೇ ವ್ಯಾಪಾರದಲ್ಲಿ 21 ಎನ್ನದೆ 20/22 ಎನ್ನುತ್ತಾರೆ. ಅಳತೆಯೊಡನೆ ಅದರ ಮೇರೆಯನ್ನೂ ಹೇಳುವ ಈ ಪದ್ಧತಿ ಪಠ್ಯಪುಸ್ತಕಕ್ಕಿಂತ ಹೆಚ್ಚು ಶಾಸ್ತ್ರೀಯವಾದುದು.

ಪ್ರಶ್ನೆಯು ತರಗತಿಗೆ ಮಾತ್ರ ಸೇರಿದ್ದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿದರು. ಕೇಳಿದ್ದನ್ನು ಪರೀಕ್ಷೆಗೆ ಒಡ್ಡುವ ಆ ಧೈರ್ಯಕ್ಕೆ ಅಭ್ಯಾಸ ಬೇಕು. ಸೂತ್ರಕ್ಕೆ ಸಂಖ್ಯೆಗಳನ್ನು ತುಂಬುವುದರಿಂದ ಅದು ಬಾರದು.

ಪರೀಕ್ಷೆಯ ಅವಸರದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಉಪಾಧ್ಯಾಯರು ಕೇಳಬಹುದು. ಒಂದು ಗಂಟೆ ಸಾಕು. 20/22 ಡೀನಿಯರ್ ನೂಲಿನ 450 ಮೀಟರ್ ಉದ್ದದ ಲಡಿಗಳು ಹತ್ತು, ಸೂಕ್ಷ್ಮ ತಕ್ಕಡಿ ಒಂದು. ಪ್ರತಿಯೊಂದೂ 1.00 ಗ್ರಾಂನಿಂದ 1.10 ಗ್ರಾಂ ಒಳಗೆ ತೂಗತಕ್ಕದ್ದು. ಹುಡುಗರೇ ತೂಗಿ, ಬಂದ ಹತ್ತು ಅಂಕಿಗಳನ್ನೂ ತಿದ್ದದೆ ಹಲಗೆಯ ಮೇಲೆ ಬರೆಯಲಿ.