ಪಾತ್ರಾಭಿನಯದ ವಿಡಿಯೋ ಆಟಗಳಲ್ಲಿ ಮಾತಿನ ಸಂಕ್ಷೇಪ

ವಿಡಿಯೋ ಆಟಗಳನ್ನು ಕುರಿತು ವಿಮರ್ಶೆ ಬರೆಯುವುದು ವಿಭಾಗದ ಸಂಶೋಧನ ಸಂಚಿಕೆಯ ಗಾಂಭೀರ್ಯಕ್ಕೆ ತಕ್ಕುದಲ್ಲವೆಂದು ಭಾವಿಸುವವರು ಇರಬಹುದು. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಒಂದು ಕಾದಂಬರಿಗೆ ಕೊಡುವುದಕ್ಕಿಂತ ಹೆಚ್ಚಿನ ಕಾಲವನ್ನು ಇಂತಹ ಒಂದೊಂದು ಆಟಕ್ಕೆ ಕೊಡುತ್ತಿದ್ದಾರೆ. ಅಲ್ಲಿ ಅವರು ಓದುವ ಮಾತು, ಆಡುವ ಮಾತು, ಆಡಿದ ಮಾತಿಗೆ ತೆರುವ ಬೆಲೆ ಇವೆಲ್ಲವೂ ಸಾಹಿತ್ಯದ ವಿಷಯಗಳೇ. ಈ ಆಟಗಳ ಅಭಿಮಾನಿಗಳಲ್ಲಿ 2007 ರಿಂದೀಚೆಗೆ ಒಂದು ವಾದ ನಡೆದುಬಂದಿದೆ. ಆಟಗಾರನ ಮುಂದೆ ಉತ್ತರಗಳನ್ನು ಪೂರ್ಣ ವಾಕ್ಯಗಳಾಗಿ ಇಡಬೇಕೋ, ಎರಡು ಮೂರು ಪದಗಳಿಗೆ ಸಂಕ್ಷೇಪಿಸಿ ಇಟ್ಟರೆ ಸಾಕೋ ಎಂಬುದು ಆ ವಾದ. ಮೇಲುನೋಟಕ್ಕೆ ಇದು ಗುಂಡಿ ಒತ್ತುವ ಸೌಕರ್ಯದ ಮಾತಾಗಿ ಕಂಡರೂ, ಒಳಗೆ ಹೊಕ್ಕು ನೋಡಿದರೆ ಆಡಿದ ಮಾತಿಗೆ ಹೊಣೆ ಯಾರು ಎಂಬ ಬಹು ಹಳೆಯ ಪ್ರಶ್ನೆಯೇ ಎದುರಾಗುತ್ತದೆ.

ರೋಲ್‌ಪ್ಲೇಯಿಂಗ್ ಗೇಮ್ ಎಂಬ ಹೆಸರಿನ ಈ ಪ್ರಕಾರದಲ್ಲಿ ಆಟಗಾರನು ಒಂದು ಪಾತ್ರವನ್ನು ವಹಿಸಿಕೊಂಡು ಕಲ್ಪಿತ ಲೋಕವೊಂದರಲ್ಲಿ ಸಂಚರಿಸುತ್ತಾನೆ. ಕಾದಾಡುವುದರಷ್ಟೇ ಮಾತನಾಡುವುದೂ ಅಲ್ಲಿ ಮುಖ್ಯ. 1997 ರ ಫಾಲ್‌ಔಟ್, 1998 ರ ಬಾಲ್ಡರ್ಸ್ ಗೇಟ್, 1999 ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್ ಈ ಮೂರರಲ್ಲಿಯೂ ಕ್ರಮ ಒಂದೇ. ಎದುರಿನ ಪಾತ್ರ ಮಾತು ಮುಗಿಸಿದ ಮೇಲೆ ಪರದೆಯ ಮೇಲೆ ಮೂರೋ ಐದೋ ಎಂಟೋ ಉತ್ತರಗಳು ಪೂರ್ಣ ವಾಕ್ಯಗಳಾಗಿ ಮೂಡುತ್ತವೆ. ಆಟಗಾರನು ಅವನ್ನು ಓದಿ, ತೂಗಿ ನೋಡಿ, ಒಂದನ್ನು ಆರಿಸುತ್ತಾನೆ. ಆರಿಸಿದ ವಾಕ್ಯವೇ ಆಡಿದ ವಾಕ್ಯ. ಸಂಭಾಷಣೆಯಲ್ಲಿ ನಾಯಕನಿಗೆ ಬೇರೊಂದು ಧ್ವನಿಯಿಲ್ಲ. ಸಾವಿಲ್ಲದ, ಆದರೆ ತನ್ನ ಹೆಸರನ್ನೂ ಹಿಂದಣ ಬದುಕುಗಳನ್ನೂ ಮರೆತ ಮನುಷ್ಯನೊಬ್ಬನ ಕಥೆಯಾದ ಟಾರ್ಮೆಂಟ್‌ನಲ್ಲಂತೂ ಅನೇಕ ಗಂಟುಗಳು ಆಯುಧದಿಂದ ಬಿಚ್ಚದೆ ಮಾತಿನಿಂದಲೇ ಬಿಚ್ಚುತ್ತವೆ.

ಕೆನಡದ ಬಯೋವೇರ್ ಸಂಸ್ಥೆ 2007 ರ ನವೆಂಬರಿನಲ್ಲಿ ಮಾಸ್ ಎಫೆಕ್ಟ್ ಎಂಬ ಆಟವನ್ನು ಹೊರತಂದಾಗ ಈ ಕ್ರಮ ಬದಲಾಯಿತು. ಅದರ ನಾಯಕ ಕಮಾಂಡರ್ ಶೆಪರ್ಡ್ ಮೂಕನಲ್ಲ. ಪುರುಷನಾಗಿ ಆಡಿದರೆ ಮಾರ್ಕ್ ಮೀರ್, ಸ್ತ್ರೀಯಾಗಿ ಆಡಿದರೆ ಜೆನಿಫರ್ ಹೇಲ್ ಪ್ರತಿಯೊಂದು ಮಾತನ್ನೂ ಗಟ್ಟಿಯಾಗಿ ಆಡುತ್ತಾರೆ. ಪರದೆಯ ಮೇಲೆ ಪಟ್ಟಿಯ ಬದಲು ಒಂದು ಚಕ್ರ; ಅದರ ಸುತ್ತ ಎರಡು ಮೂರು ಪದಗಳ ಸಂಕ್ಷೇಪಗಳು. ಸೌಜನ್ಯದ ಮಾತು ಬಲಗಡೆ ಮೇಲೆ, ಒರಟು ಮಾತು ಬಲಗಡೆ ಕೆಳಗೆ, ಹೆಚ್ಚಿನ ವಿವರ ಕೇಳುವುದಾದರೆ ಎಡಗಡೆ. ಎದುರಿನವರು ಮಾತು ಮುಗಿಸುವ ಮೊದಲೇ ಚಕ್ರ ಮೂಡುವುದರಿಂದ ಉತ್ತರವನ್ನು ಮುಂಚೆಯೇ ಆರಿಸಿಡಬಹುದು. ಸಂಭಾಷಣೆ ಎಲ್ಲಿಯೂ ತಡೆಯದೆ ನಾಟಕದ ದೃಶ್ಯದಂತೆ ಸಾಗುತ್ತದೆ. ಇದು ಸಣ್ಣ ಸಾಧನೆಯಲ್ಲ. ಪೂರ್ಣ ವಾಕ್ಯವನ್ನು ಕಣ್ಣಿನಿಂದ ಓದಿ, ಮರುಕ್ಷಣವೇ ಅದನ್ನೇ ಕಿವಿಯಿಂದ ಕೇಳಬೇಕಾದರೆ ಬೇಸರ ಬರುವುದು ಸಹಜ. ಸಂಕ್ಷೇಪವು ಆ ಪುನರುಕ್ತಿಯನ್ನು ತಪ್ಪಿಸುತ್ತದೆ. ಹೊಸ ಕ್ರಮವನ್ನು ಮೆಚ್ಚಿದವರ ವಾದದಲ್ಲಿ ಇದೇ ಬಲವಾದ ಅಂಶ.

ವಿರೋಧಿಸಿದವರ ದೂರು ಹಲವು ರೂಪಗಳಲ್ಲಿ ಬಂದಿತು. ಆಟವನ್ನು ಅಕ್ಷರ ಬಾರದವರಿಗಾಗಿ ಮಾಡಿದ್ದಾರೆಂಬ ಕಟಕಿಯೂ ಅವುಗಳಲ್ಲಿ ಒಂದು. ಇದನ್ನು ಬದಿಗಿಡೋಣ, ವಾದದಲ್ಲಿ ಸೋಲುವ ಹೊತ್ತಿಗೆ ಎದುರಾಳಿಯ ಬುದ್ಧಿಯನ್ನು ಹಳಿಯುವುದು ಎಲ್ಲ ಕಾಲದಲ್ಲಿಯೂ ನಡೆದು ಬಂದದ್ದೇ. ಗಂಭೀರವಾದ ದೂರು ಬೇರೆ: ತಾನು ಆರಿಸಿದ್ದು ಒಂದು, ತನ್ನ ಪಾತ್ರ ಆಡಿದ್ದು ಇನ್ನೊಂದು ಎಂಬುದು. ಪೋಲೆಂಡಿನಲ್ಲಿ ತಯಾರಾಗಿ 2015 ರಲ್ಲಿ ಬಂದ ವಿಚರ್ 3 ಎಂಬ ಆಟದಲ್ಲಿ ಡೈಕ್ಸ್ಟ್ರಾ ಎಂಬ ಬೇಹುಗಾರನನ್ನು ‘ಬಲವಾಗಿ ಪಕ್ಕಕ್ಕೆ ತಳ್ಳು’ ಎಂಬ ಅರ್ಥದ ಆಯ್ಕೆಯೊಂದಿದೆ. ದಾರಿ ಬಿಡಿಸಿಕೊಳ್ಳುವುದಷ್ಟೇ ಎಂದು ಭಾವಿಸಿ ಅದನ್ನು ಆರಿಸಿದವರು, ನಾಯಕ ಗೆರಾಲ್ಟನು ಆತನ ಕಾಲನ್ನೇ ಮುರಿಯುವುದನ್ನು ಕಂಡು ಬೆರಗಾದರು. ಅಷ್ಟಕ್ಕೇ ಮುಗಿಯಲಿಲ್ಲ. ಆ ಬೇಹುಗಾರನ ನೆರವಿನಿಂದ ಮುಂದೆ ನಡೆಯಬೇಕಾಗಿದ್ದ ರಾಜಹತ್ಯೆಯ ಸಂಚು ಆಮೇಲೆ ನಡೆಯುವುದೇ ಇಲ್ಲ. ಒಂದು ರಾಜ್ಯದ ಭವಿಷ್ಯ ಒಂದು ಕ್ರಿಯಾಪದದ ಅಸ್ಪಷ್ಟತೆಯ ಮೇಲೆ ನಿಂತಿತೆಂದರೆ ಸಂಧಿಪತ್ರಗಳನ್ನು ಓದಿದ ಇತಿಹಾಸದ ವಿದ್ಯಾರ್ಥಿಗೆ ಆಶ್ಚರ್ಯವಾಗದೆ ಇರಬಹುದು. ಆಟಗಾರನಿಗೆ ಮಾತ್ರ ಅದು ಅನ್ಯಾಯವೆಂದೇ ತೋರಿತು.

2013 ರ ದಿ ವುಲ್ಫ್ ಅಮಂಗ್ ಅಸ್ ಈ ಪ್ರಕಾರಕ್ಕೆ ನೇರವಾಗಿ ಸೇರಿದ್ದಲ್ಲವಾದರೂ ಅದರ ಒಂದು ಪ್ರಸಂಗ ನಮಗೆ ಉಪಯುಕ್ತ. ಮದ್ಯದಂಗಡಿಯ ದೃಶ್ಯವೊಂದರಲ್ಲಿ ‘ಗ್ಲಾಸ್ ಹಿಮ್’ ಎಂಬ ಎರಡೇ ಪದಗಳ ಆಯ್ಕೆ ಬರುತ್ತದೆ. ಎದುರಿನವನಿಗೆ ಒಂದು ಲೋಟ ಕುಡಿಸುವುದೆಂದು ತಿಳಿದವರಿಗೆ ಕಾಣಿಸಿದ್ದು, ಆ ಗಾಜಿನ ಲೋಟವನ್ನು ನಾಯಕನು ಅವನ ತಲೆಗೆ ಅಪ್ಪಳಿಸುವ ದೃಶ್ಯ. ಇಂಗ್ಲಿಷನ್ನು ತಾಯಿನುಡಿಯಾಗಿ ಉಳ್ಳವರೇ ಇಲ್ಲಿ ಎಡವಿದರು. ನಮ್ಮ ವಿದ್ಯಾರ್ಥಿಗಳು ಈ ಆಟಗಳನ್ನು ಆಡುವುದು ಇಂಗ್ಲಿಷಿನಲ್ಲಿ. ಇಲ್ಲಿ ಹೆಸರಿಸಿದ ಯಾವ ಆಟದ ತಯಾರಕರೂ ಕನ್ನಡ ಪಾಠವನ್ನು ಕೊಟ್ಟಿಲ್ಲ. ಎರಡನೆಯ ಭಾಷೆಯಲ್ಲಿ ಓದುವವನಿಗೆ ಉದ್ದನೆಯ ವಾಕ್ಯ ಕಷ್ಟ, ಚಿಕ್ಕದು ಸುಲಭ ಎಂಬ ನಂಬಿಕೆ ತರಗತಿಯಲ್ಲಿ ನಾವೇ ಬೆಳೆಸಿದ್ದು. ಅದು ನಿಜವಲ್ಲ. ವಾಕ್ಯವು ತನ್ನ ಪದಗಳನ್ನು ಸುತ್ತಲಿನ ಪದಗಳಿಂದ ತಾನೇ ವಿವರಿಸಿಕೊಳ್ಳುತ್ತದೆ. ಒಂಟಿಯಾಗಿ ನಿಂತ ನುಡಿಗಟ್ಟಿಗೆ ಆ ನೆರವಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಿಂದೆ ಸುವರ್ಣಯುಗವಿತ್ತು, ಚಕ್ರ ಬಂದು ಅದನ್ನು ಕೆಡಿಸಿತು ಎಂಬ ತೀರ್ಮಾನಕ್ಕೆ ಬರಲಾಗದು. ಅಭಿಮಾನಿಗಳ ವಾದದಲ್ಲಿ ಇತಿಹಾಸಪ್ರಜ್ಞೆ ತೀರ ದುರ್ಬಲವಾಗಿರುವುದು ಇಲ್ಲಿಯೇ. ಸಂಕ್ಷೇಪ ಹೊಸದಲ್ಲ. 1985 ರಲ್ಲಿ ಬಂದ ರಿಚರ್ಡ್ ಗ್ಯಾರಿಯಟ್‌ನ ಅಲ್ಟಿಮಾ 4 ರಲ್ಲಿ ಆಟಗಾರನು ಹೆಸರು, ಕಸಬು, ಆರೋಗ್ಯ ಎಂಬಂತಹ ಒಂದೊಂದೇ ಪದವನ್ನು ಕೀಲಿಮಣೆಯಲ್ಲಿ ಒತ್ತಿ ಊರಿನವರನ್ನು ಮಾತನಾಡಿಸುತ್ತಿದ್ದನು. 2002 ರ ಮಾರೋವಿಂಡ್‌ನಲ್ಲಿಯೂ ವಿಷಯಗಳ ಹೆಸರುಗಳಷ್ಟೇ ಇದ್ದವು. ಅವು ಮಾಸ್ ಎಫೆಕ್ಟಿನ ಸಂಕ್ಷೇಪಗಳಿಗಿಂತ ಚಿಕ್ಕವು; ಆದರೂ ತನ್ನ ಮಾತನ್ನು ತಿರುಚಿದರೆಂದು ಯಾರೂ ಅಲ್ಲಿ ದೂರುವಂತಿರಲಿಲ್ಲ. ಕಾರಣ ಸ್ಪಷ್ಟ. ಅಲ್ಟಿಮಾದಲ್ಲಿ ಆಟಗಾರನು ಒತ್ತಿದ ಪದದ ಹಿಂದೆ ಬೇರೊಂದು ವಾಕ್ಯ ಅಡಗಿರಲಿಲ್ಲ. ಪದ ಅವನದೇ, ಅದರ ಸುತ್ತ ಇಡೀ ಪ್ರಶ್ನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದವನೂ ಅವನೇ. ಚಕ್ರದಲ್ಲಾದರೋ ಪೂರ್ಣ ವಾಕ್ಯ ಮೊದಲೇ ಬರೆದು, ಧ್ವನಿಮುದ್ರಿಸಿ ಸಿದ್ಧವಾಗಿದೆ. ಆಟಗಾರನಿಗೆ ಅದರ ಮೇಲಿನ ಚೀಟಿಯನ್ನು ಮಾತ್ರ ತೋರಿಸಲಾಗುತ್ತದೆ. ದೋಷವಿರುವುದು ಮಾತಿನ ಅಳತೆಯಲ್ಲಲ್ಲ, ಈ ಮರೆಮಾಚುವಿಕೆಯಲ್ಲಿ.

ದಫ್ತರಗಳಲ್ಲಿ ಕೆಲಸ ಮಾಡಿದವರಿಗೆ ಈ ಭೇದ ಪರಿಚಿತ. ಕಾಗದದ ಮೇಲುಗಡೆ ಗುಮಾಸ್ತನು ಬರೆದಿಟ್ಟ ಸಾರಾಂಶವನ್ನು ನಂಬಿ ಒಳಗಣ ಒಕ್ಕಣೆಯನ್ನು ಓದದೆ ಬಿಟ್ಟರೆ ಎಷ್ಟು ಮೋಸಹೋಗಬಹುದೆಂಬುದನ್ನು ನಾವು ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಹೇಳಿಕೊಡುತ್ತೇವೆ. ಸಾರಾಂಶ ಸುಳ್ಳಾಗಿರಬೇಕಾಗಿಲ್ಲ. ‘ರೈತರು ಕಂದಾಯದ ಮಾಫಿ ಕೇಳಿದ್ದಾರೆ’ ಎಂಬುದು ನಿಜವೇ ಇರಬಹುದು. ಆದರೆ ಅವರು ಬೇಡಿಕೊಂಡರೋ ಎಚ್ಚರಿಕೆ ಕೊಟ್ಟರೋ ಎಂಬುದು ಒಕ್ಕಣೆಯಲ್ಲಿರುತ್ತದೆ, ಚೀಟಿಯಲ್ಲಿರುವುದಿಲ್ಲ. ಸಾರಾಂಶದಲ್ಲಿ ಮೊದಲು ಸೋರಿಹೋಗುವುದು ಮಾತಿನ ಧಾಟಿ. ಚಕ್ರದಲ್ಲಿಯೂ ಅದೇ ಆಯಿತು. ಮಾಸ್ ಎಫೆಕ್ಟಿನಲ್ಲಿ ಭಿನ್ನವೆಂದು ತೋರುವ ಸಂಕ್ಷೇಪಗಳು ಕೆಲವೆಡೆ ಒಂದೇ ವಾಕ್ಯಕ್ಕೆ ಒಯ್ಯುತ್ತವೆ. ಇದಕ್ಕಿಂತ ಸೂಕ್ಷ್ಮವಾದ ಹಾನಿಯೆಂದರೆ, ಮೇಲೆ ಸೌಜನ್ಯ ಕೆಳಗೆ ಒರಟುತನ ಎಂಬ ನಿಯಮ ಒಮ್ಮೆ ಕೈಗೆ ಅಭ್ಯಾಸವಾದರೆ ಆಟಗಾರನು ಪದಗಳನ್ನೂ ಓದುವುದಿಲ್ಲ. ದಿಕ್ಕೇ ಮಾತಾಗಿಬಿಡುತ್ತದೆ.

ಇಲ್ಲಿ ಪ್ರತಿಪಕ್ಷದ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಬರಹದ ಪೂರ್ಣ ವಾಕ್ಯದಲ್ಲಿಯೂ ಧಾಟಿ ಸದಾ ಕಾಣಿಸುವುದಿಲ್ಲ. ‘ನಿನಗೆ ನೆರವಾಗುತ್ತೇನೆ’ ಎಂಬುದನ್ನು ನಿಜವಾಗಿ ಹೇಳಬಹುದು, ಸುಳ್ಳಾಗಿಯೂ ಹೇಳಬಹುದು. ಟಾರ್ಮೆಂಟ್‌ನ ಕರ್ತೃಗಳಿಗೆ ಈ ತೊಡಕು ಗೊತ್ತಿತ್ತು. ಆದಕಾರಣವೇ ಅವರು ಕೆಲವು ವಾಕ್ಯಗಳ ಹಿಂದೆ ‘ಸತ್ಯ’, ‘ಸುಳ್ಳು’ ಎಂಬ ಗುರುತು ಹಾಕಿ, ಒಂದೇ ಮಾತನ್ನು ಎರಡು ಸಲ ಪಟ್ಟಿಯಲ್ಲಿಟ್ಟರು. ಬಯೋವೇರ್ 2011 ರಲ್ಲಿ ಡ್ರ್ಯಾಗನ್ ಏಜ್ 2 ರ ಚಕ್ರದ ನಡುವೆ ಧಾಟಿಯನ್ನು ಸೂಚಿಸುವ ಚಿತ್ರಗಳನ್ನು ಅಳವಡಿಸಿತು. 2009 ರ ಮೊದಲ ಭಾಗದ ಮೂಕ ನಾಯಕನನ್ನೂ ಪೂರ್ಣ ವಾಕ್ಯಗಳನ್ನೂ ಪ್ರೀತಿಸಿದ್ದವರು ಈ ಎರಡನೆಯ ಭಾಗವನ್ನು ಕಟುವಾಗಿ ಖಂಡಿಸಿದರು. ಆ ಖಂಡನೆಯ ನಡುವೆ ಒಂದು ನಿಜವಾದ ಹೊಸತನ ಕಣ್ಣಿಗೆ ಬೀಳದೆ ಹೋಯಿತೆಂದು ನನ್ನ ಅಭಿಪ್ರಾಯ. ನಾಯಕ ಹಾಕ್ ಮೇಲಿಂದ ಮೇಲೆ ವಿನೋದದ ಧಾಟಿಯನ್ನೇ ಹಿಡಿದರೆ, ಆಟಗಾರನ ಆಯ್ಕೆಯಿಲ್ಲದೆ ಬರುವ ಮಾತುಗಳಲ್ಲಿಯೂ ವಿನೋದ ನುಸುಳತೊಡಗುತ್ತದೆ. ಒರಟಾಗಿ ಮಾತನಾಡುತ್ತ ಬಂದವನಿಗೆ ಒರಟುತನವೇ ಸ್ವಭಾವವಾಗುತ್ತದೆ. ನುಡಿ ನಡೆಯಾಗುವ ಈ ಕ್ರಮವನ್ನು ಪೂರ್ಣ ವಾಕ್ಯಗಳ ಪಟ್ಟಿ ತಾನಾಗಿ ಸಾಧಿಸಿರಲಿಲ್ಲ.

ಬೆಥೆಸ್ಡಾ ಸಂಸ್ಥೆಯ ಫಾಲ್‌ಔಟ್ 4 ಕ್ಕೆ ಇಂತಹ ಸಮರ್ಥನೆ ದೊರೆಯುವುದು ಕಷ್ಟ. 2015 ರ ನವೆಂಬರ್ 10 ರಂದು ಬಿಡುಗಡೆಯಾದ ಈ ಆಟದ ಮೇಲೆಯೇ ವಾದ ಅತ್ಯಂತ ಕಾವೇರಿದ್ದು. ಕಂಟ್ರೋಲರಿನ ನಾಲ್ಕು ಗುಂಡಿಗಳಿಗೆ ನಾಲ್ಕು ಉತ್ತರಗಳು: ಒಂದು ಒಪ್ಪಿಗೆ, ಒಂದು ನಿರಾಕರಣೆ, ಒಂದು ತಟಸ್ಥ, ಒಂದು ಪ್ರಶ್ನೆ. ಎರಡೇ ಉತ್ತರ ಸಾಕಾಗುವಲ್ಲಿಯೂ ನಾಲ್ಕನ್ನು ತುಂಬಿಸಬೇಕು. ಏಳು ಬೇಕಾದಲ್ಲಿಯೂ ನಾಲ್ಕಕ್ಕೇ ನಿಲ್ಲಿಸಬೇಕು. ‘ವ್ಯಂಗ್ಯ’ ಎಂಬ ಒಂದೇ ಪದ ಅನೇಕ ಕಡೆ ಒಂದು ಇಡೀ ಉತ್ತರದ ಸಂಕ್ಷೇಪವಾಗಿ ನಿಂತಿದೆ. ಯಾರ ಮೇಲೆ ವ್ಯಂಗ್ಯ, ಎಷ್ಟು ಮೊನಚು ಎಂಬುದು ಗುಂಡಿ ಒತ್ತಿದ ಮೇಲೆಯೇ ತಿಳಿಯಬೇಕು. ನಾಯಕನಿಗೂ ನಾಯಕಿಗೂ ಧ್ವನಿ ಕೊಟ್ಟ ಇಬ್ಬರು ಕಲಾವಿದರು ತಲಾ 13,000 ಕ್ಕೂ ಮೇಲ್ಪಟ್ಟು ಮಾತುಗಳನ್ನು ಧ್ವನಿಮುದ್ರಿಸಿದರೆಂದು ಬಿಡುಗಡೆಗೆ ಮೊದಲು ಹೆಮ್ಮೆಯಿಂದ ಸಾರಲಾಗಿತ್ತು. ಆ ಸಂಖ್ಯೆಯಲ್ಲಿಯೇ ಬಡತನದ ಕಾರಣವೂ ಇದೆ. ಬರೆದ ಪ್ರತಿಯೊಂದು ವಾಕ್ಯವನ್ನೂ ಎರಡು ಕಂಠಗಳಲ್ಲಿ ಹೇಳಿಸಬೇಕಾದಾಗ ಬರೆಹಗಾರನ ಕೈ ಬಿಗಿಯಾಗದೆ ವಿಧಿಯಿಲ್ಲ.

ಇದೇ ಮಾಲೆಯ ಹಿಂದಿನ ಆಟಗಳನ್ನು ನೋಡಿದರೆ ಕಳೆದುಕೊಂಡದ್ದು ಏನೆಂಬುದು ತಿಳಿಯುತ್ತದೆ. 1998 ರ ಫಾಲ್‌ಔಟ್ 2 ರಲ್ಲಿ ಟಾರ್ ಎಂಬ ಮಂದಬುದ್ಧಿಯ ದನಗಾಹಿ ಒಬ್ಬನಿದ್ದಾನೆ. ಸಾಮಾನ್ಯ ಬುದ್ಧಿಯ ನಾಯಕನಿಗೆ ಅವನ ಮಾತು ತೊದಲಾಗಿ ಕೇಳಿಸುತ್ತದೆ. ಆದರೆ ಆಟಗಾರನು ತನ್ನ ಪಾತ್ರಕ್ಕೂ ತೀರ ಕಡಮೆ ಬುದ್ಧಿಯನ್ನು ಕೊಟ್ಟುಕೊಂಡು ಬಂದರೆ, ಅವರಿಬ್ಬರ ಸಂಭಾಷಣೆ ಪಂಡಿತರಿಬ್ಬರ ಗೋಷ್ಠಿಯಂತೆ ಸುಲಲಿತವಾಗಿ ನಡೆಯುತ್ತದೆ! ನಕ್ಕು ಸುಮ್ಮನಾಗಬಹುದಾದ ಹಾಸ್ಯವಲ್ಲ ಇದು. ಪಾತ್ರ ಯಾವುದೋ ಲೋಕವೂ ಹಾಗೆ ಕಾಣಿಸಬೇಕೆಂಬ ತತ್ತ್ವ ಅದರ ಹಿಂದಿದೆ. ಒಬ್ಸಿಡಿಯನ್ ಸಂಸ್ಥೆ 2010 ರಲ್ಲಿ ತಯಾರಿಸಿದ ಫಾಲ್‌ಔಟ್: ನ್ಯೂ ವೇಗಸ್‌ನಲ್ಲಿ ವಿದ್ಯೆ ಸಾಲದಿದ್ದರೆ ಉತ್ತರ ಮಾಯವಾಗುವುದಿಲ್ಲ. ಅದೇ ಸ್ಥಳದಲ್ಲಿ ಅರೆತಿಳಿವಿನ, ನಗೆಗೀಡಾಗುವ ವಾಕ್ಯ ಬರುತ್ತದೆ. ಅದು ಸೋಲುವುದೆಂದು ಗೊತ್ತಿದ್ದೂ ಅದನ್ನು ಆಡುವ ಸ್ವಾತಂತ್ರ್ಯ ಆಟಗಾರನಿಗಿದೆ. ಫಾಲ್‌ಔಟ್ 4 ರಲ್ಲಿ ಇದರ ಜಾಗಕ್ಕೆ ಬಂದದ್ದು ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಬಣ್ಣಗಳು, ಮನವೊಲಿಸುವುದು ಎಷ್ಟು ಕಷ್ಟವೆಂದು ತಿಳಿಸುವುದಕ್ಕಾಗಿ.

ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆಟಗಾರರೇ ‘ಮಾಡ್’ ಎಂದು ಕರೆಯುವ ಮಾರ್ಪಾಟೊಂದನ್ನು ರಚಿಸಿ, ಸಂಕ್ಷೇಪವನ್ನು ತೆಗೆದು ಪೂರ್ಣ ವಾಕ್ಯ ಕಾಣುವಂತೆ ಮಾಡಿದರು. ಇದನ್ನು ಪಾಠಪರಿಷ್ಕರಣದ ಕೆಲಸವೆಂದೇ ನಾನು ಕರೆಯುತ್ತೇನೆ. ಮುಚ್ಚಿಟ್ಟಿದ್ದ ಮೂಲಪಾಠ ಹೊರಬಂದಾಗ ವಾದಕ್ಕೆ ಬೇಕಾಗಿದ್ದ ಸಾಕ್ಷ್ಯ ದೊರೆಯಿತು: ‘ಇಲ್ಲ’ ಎಂಬ ಚೀಟಿಯ ಹಿಂದಿನ ವಾಕ್ಯ ಕೆಲವೆಡೆ ‘ಈಗ ಬೇಡ, ಆಮೇಲೆ ನೋಡೋಣ’ ಎನ್ನುವುದಕ್ಕಿಂತ ಮುಂದೆ ಹೋಗಿರಲಿಲ್ಲ. ಸಂಕ್ಷೇಪವು ವಾಕ್ಯವನ್ನು ಮಾತ್ರವಲ್ಲದೆ ವಾಕ್ಯದ ಬಡತನವನ್ನೂ ಮುಚ್ಚಿತ್ತು. ಸಂವಾದದ ಈ ಕ್ರಮ ತಾವೆಣಿಸಿದಷ್ಟು ಫಲ ಕೊಡಲಿಲ್ಲವೆಂದು ಆಟದ ನಿರ್ದೇಶಕ ಟಾಡ್ ಹೋವರ್ಡ್ ಮರುವರ್ಷವೇ ಒಪ್ಪಿಕೊಂಡರು.

ಬರೆಯುತ್ತಿರುವಾಗ ನಮ್ಮ ತಾಳಮದ್ದಳೆಯ ನೆನಪಾಗುತ್ತದೆ. ಅಲ್ಲಿ ಪ್ರಸಂಗ ಮೊದಲೇ ಗೊತ್ತು. ಕೃಷ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಸಂಧಾನ ಮುರಿದೇ ಮುರಿಯುತ್ತದೆ. ಆದರೆ ಮಾತು ಮಾತ್ರ ಅರ್ಥಧಾರಿಯದೇ. ಚಕ್ರದ ಆಟಗಳು ಇದನ್ನು ತಲೆಕೆಳಗು ಮಾಡಿವೆ: ಕಥೆಯ ತಿರುವನ್ನು ನೀನೇ ಆರಿಸಿಕೋ, ಮಾತು ನಮಗಿರಲಿ ಎನ್ನುತ್ತವೆ. ಎರಡರಲ್ಲಿ ಯಾವುದನ್ನು ಬಿಟ್ಟುಕೊಡಬಹುದೆಂದು ಕೇಳಿದರೆ ನನ್ನ ಒಲವು ಎತ್ತಕಡೆ ಎಂಬುದು ವಾಚಕರಿಗೆ ಈಗಾಗಲೇ ತಿಳಿದಿರಬೇಕು.

ಅನಂತರದ ಬೆಳವಣಿಗೆ ಒಂದೇ ದಿಕ್ಕಿನಲ್ಲಿ ನಡೆದಿಲ್ಲ. ಎಸ್ಟೋನಿಯದ ಬರೆಹಗಾರರು 2019 ರಲ್ಲಿ ಹೊರತಂದ ಡಿಸ್ಕೋ ಎಲೀಸಿಯಮ್‌ನಲ್ಲಿ ಪೂರ್ಣ ವಾಕ್ಯಗಳು ಮರಳಿದವು. ನಾಯಕನ ತರ್ಕ, ಅನುಕಂಪಗಳೇ ಪಾತ್ರಗಳಾಗಿ ಅವನೊಡನೆ ವಾದಿಸಿದವು. ಬೆಲ್ಜಿಯಮ್ಮಿನ ಲೇರಿಯನ್ ಸಂಸ್ಥೆಯ ಬಾಲ್ಡರ್ಸ್ ಗೇಟ್ 3, ಬೆಥೆಸ್ಡಾದ್ದೇ ಆದ ಸ್ಟಾರ್‌ಫೀಲ್ಡ್, ಎರಡೂ 2023 ರವು, ಸಂಭಾಷಣೆಯಲ್ಲಿ ನಾಯಕನನ್ನು ಮತ್ತೆ ಮೂಕನನ್ನಾಗಿಸಿ ವಾಕ್ಯವನ್ನು ಆಟಗಾರನ ಕಣ್ಣ ಮುಂದಿಟ್ಟವು. ಬಯೋವೇರ್ ಮಾತ್ರ 2024 ರ ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್‌ನಲ್ಲಿಯೂ ಚಕ್ರವನ್ನು ಬಿಟ್ಟಿಲ್ಲ. ವಿಚರ್ 3 ರ ಸಂಭಾಷಣೆ ಪೋಲಿಷ್ ಭಾಷೆಯಲ್ಲಿಯೂ ಇದೆ. ಡೈಕ್ಸ್ಟ್ರಾನ ಕಾಲು ಮುರಿಯುವ ಆಯ್ಕೆಗೆ ಅಲ್ಲಿರುವ ಪದ ಇಂಗ್ಲಿಷಿನಷ್ಟೇ ಅಸ್ಪಷ್ಟವೋ ಅಲ್ಲವೋ ಎಂಬುದನ್ನು ಎರಡೂ ಭಾಷೆ ಬಲ್ಲ ವಿದ್ಯಾರ್ಥಿ ಯಾರಾದರೂ ಹೋಲಿಸಿ ನೋಡಿದರೆ, ಮೇಲಿನ ಚರ್ಚೆಯ ಕೆಲವು ಮಾತುಗಳನ್ನು ತಿದ್ದಬೇಕಾಗಿ ಬರಬಹುದು.