ರತ್ನಗಂಬಳಿಯ ಕುದುರೆ

ಗುಬ್ಬಿಯ ನಂಟರೊಬ್ಬರ ಮನೆಯ ಗೋಡೆಯ ಮೇಲೆ ಯಂತ್ರದಲ್ಲಿ ನೇಯ್ದ ಚಿತ್ರಗಂಬಳಿಯೊಂದು ತೂಗಾಡುತ್ತಿದೆ. ಕೊಳದ ದಡದಲ್ಲಿ ಎರಡು ಜಿಂಕೆ. ಬಂದವರೆಲ್ಲ "ಫೋಟೋ ತೆಗೆದ ಹಾಗೇ ಇದೆ" ಎಂದು ಮೆಚ್ಚುತ್ತಾರೆ. ಈ ಮೆಚ್ಚುಗೆಯ ಮಾತಿನ ಮೇಲೆಯೇ ನನ್ನ ತಕರಾರು.

ಪರ್ಷಿಯಾದ ಹಳೆಯ ಚಿತ್ರಗಂಬಳಿಗಳ ಪೈಕಿ ಮಿಲಾನಿನ ಪೋಲ್ಡಿ ಪೆಟ್ಸೋಲಿ ಸಂಗ್ರಹಾಲಯದ ಬೇಟೆಯ ಗಂಬಳಿ ಬಹು ಪ್ರಸಿದ್ಧ. ಗಿಯಾಸುದ್ದೀನ್ ಜಾಮಿ ಎಂಬ ಹೆಸರು ಅದರಲ್ಲೇ ನೇಯ್ದಿದೆ. ಕಾಲವನ್ನು ಸಾಮಾನ್ಯವಾಗಿ ಹಿಜರಿ 949, ಎಂದರೆ ಕ್ರಿ.ಶ. 1542–43 ಎಂದು ಓದುತ್ತಾರೆ. ನಾನು ಕಂಡದ್ದು ಅಚ್ಚಿನ ಪ್ರತಿಯನ್ನಷ್ಟೆ. ಕುಣಿಗಲಿನ ಕುದುರೆ ಫಾರಮ್ಮಿನ ಬೇಲಿಗೆ ಒರಗಿ ಬಾಲ್ಯ ಕಳೆದವನಾದ್ದರಿಂದ ಕಣ್ಣು ಮೊದಲು ಕುದುರೆಗಳ ಮೇಲೆ ಬಿತ್ತು. ಅವುಗಳ ಕಾಲ ಕೆಳಗೆ ನೆಲವೇ ಇಲ್ಲ. ಹೂಬಳ್ಳಿಗಳ ನಡುವೆ ತೇಲಿದಂತೆ ಓಡುತ್ತವೆ. ಆದರೂ ಆ ಓಟ ನಿಜ.

ಗುಟ್ಟು ಮಗ್ಗದಲ್ಲಿದೆ. ಹಾಸಿನ ಎರಡೆರಡು ಎಳೆಗಳಿಗೆ ಉಣ್ಣೆಯ ತುಂಡನ್ನು ಗಂಟಿಕ್ಕಿ, ಒಂದು ಸಾಲು ಮುಗಿದೊಡನೆ ಹೊಕ್ಕಿನ ನೂಲು ಹಾಯಿಸಿ ಬಾಚಣಿಗೆಯಿಂದ ಬಡಿಯುತ್ತಾರೆ. ಚೌಕುಳಿ ಕಾಗದದ ನಕ್ಷೆಯಲ್ಲಿ ಒಂದು ಮನೆಗೆ ಒಂದು ಗಂಟು. ಹೀಗಾಗಿ ಬಾಗಿದ ಗೆರೆಯೆಂಬುದು ಮಗ್ಗದಲ್ಲಿ ಇಲ್ಲವೇ ಇಲ್ಲ, ಇರುವುದು ಬರೀ ಮೆಟ್ಟಿಲು. ಗಂಟು ಒತ್ತಾದಷ್ಟೂ ಮೆಟ್ಟಿಲು ಸಣ್ಣದಾಗುತ್ತದೆ, ಅಷ್ಟೆ. ಈ ಕಟ್ಟನ್ನು ಒಪ್ಪಿಕೊಂಡೇ ಕುದುರೆಯ ಬೆನ್ನನ್ನು ಬಾಗಿಸಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಿರ್ಮಾನಿನ ಮಗ್ಗಗಳು ಅಚ್ಚಿನ ಚಿತ್ರಗಳನ್ನೂ ಫೋಟೋಗಳನ್ನೂ ಮಾದರಿಯಾಗಿಟ್ಟುಕೊಂಡು ಜಗತ್ತಿನ ಪ್ರಖ್ಯಾತ ಪುರುಷರನ್ನು ಸಾಲುಸಾಲಾಗಿ ನೇಯ್ದವು. ಗಲ್ಲದ ಮೇಲಿನ ಒಂದು ನೆರಳಿಗೆ ಒಂದೇ ಬಣ್ಣದ ಹಲವು ಛಾಯೆಗಳ ಉಣ್ಣೆ ಬೇಕು. ಕೈಚಳಕಕ್ಕೆ ತಲೆದೂಗಲೇಬೇಕು, ಕಲೆ ಮಾತ್ರ ಸೊರಗಿತೆಂದೇ ನನ್ನ ಮತ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆಗಳನ್ನೇ ರಂಗಕ್ಕೆ ತಂದಿತು. ಆನೆಗೆ ಬಿದ್ದ ಚಪ್ಪಾಳೆ ಬೇರೆ, ಅಭಿನಯಕ್ಕೆ ಬಿದ್ದದ್ದು ಬೇರೆ. (ಗುಬ್ಬಿಯಲ್ಲಿ ಕುಳಿತು ಹೀಗೆನ್ನುವ ಧೈರ್ಯವಿಲ್ಲ, ತುಮಕೂರಿಗೆ ಮರಳಿ ಬರೆಯುತ್ತಿದ್ದೇನೆ.)

ಅದೇ ನಂಟರ ಮನೆಯ ಮೂಲೆಯಲ್ಲಿ, ಕೊಬ್ಬರಿ ಮೂಟೆಯ ಅಡಿಯಲ್ಲಿ, ನವಲಗುಂದದ ಹಳೆಯ ಜಮಖಾನೆಯೊಂದಿತ್ತು. ಹತ್ತಿ ನೂಲಿನದು, ಗಂಟಿಲ್ಲದ ನೇಯ್ಗೆ. ಅಲ್ಲಿ ಇದನ್ನು ನೇಯುವವರು ಹೆಂಗಸರು. ಅವರ ಹಿರೀಕರು ಬಿಜಾಪುರದಿಂದ ಬಂದವರೆಂಬ ಹೇಳಿಕೆಯಿದೆ. ಅದರ ನವಿಲಿಗೆ ಕೊರಳೂ ಮೆಟ್ಟಿಲು, ಬಾಲವೂ ಮೆಟ್ಟಿಲು. ಫೋಟೋದ ಹಂಗಿಲ್ಲದ ಆ ನವಿಲು, ನನ್ನ ಕಣ್ಣಿಗೆ, ಮಿಲಾನಿನ ಕುದುರೆಗಳ ಬಳಗ.

ಗೋಡೆಯ ಜಿಂಕೆಯ ಚಿತ್ರವನ್ನು ತಿರುವಿದೆ: ಹಿಂದೆ ಗೋಣಿಯಂಥ ಬಟ್ಟೆ, ಅಂಟು. ಮೂಟೆ ಸರಿಸಿ ಜಮಖಾನೆಯನ್ನೂ ತಿರುವಿದೆ. ಆ ಮಗ್ಗುಲಲ್ಲೂ ನವಿಲು ಹಾಗೆಯೇ ನಿಂತಿತ್ತು.