‘ಪ್ರೈವಸಿ’ಗೆ ‘ಸೀಕ್ರೆಸಿ’ ಸಮಾನಾರ್ಥಕವೆ?

ಭೌತಶಾಸ್ತ್ರದ ಉತ್ತರಪತ್ರಿಕೆಯಲ್ಲಿ ‘ದ್ರವ್ಯರಾಶಿ’ ಎಂದು ಬರೆಯಬೇಕಾದಲ್ಲಿ ವಿದ್ಯಾರ್ಥಿ ‘ತೂಕ’ ಎಂದು ಬರೆದರೆ ನಾವು ಅಂಕ ಕಳೆಯುತ್ತೇವೆ. ಜವಕ್ಕೂ ವೇಗಕ್ಕೂ ಇರುವ ಅಂತರವನ್ನು ಮತ್ತೆ ಮತ್ತೆ ಬಿಡಿಸಿ ಹೇಳುತ್ತೇವೆ. ಅದೇ ವಿದ್ಯಾರ್ಥಿ ಮುಂದಿನ ಅವಧಿಯಲ್ಲಿ ಇಂಗ್ಲಿಷ್ ಪದಸಂಪತ್ತಿನ ಕೈಪಿಡಿ ತೆರೆದು ‘ಪ್ರೈವಸಿ ಎಂದರೆ ಸೀಕ್ರೆಸಿ, ಕಾನ್ಫಿಡೆನ್ಶಿಯಾಲಿಟಿ, ಸೆಕ್ಲೂಷನ್’ ಎಂದು ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡಿದರೆ ಮಾತ್ರ ಯಾರೂ ತಡೆಯುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಅಷ್ಟು ಸಾಕಲ್ಲ ಎನ್ನುತ್ತಾರೆ. ಪರೀಕ್ಷೆಗೆ ಸಾಕಾಗಬಹುದು. ಆದರೆ ಈ ಪದಗಳಿರುವ ಕಾಗದಗಳಿಗೆ ಅದೇ ವಿದ್ಯಾರ್ಥಿ ನಾಳೆ ಸಹಿ ಹಾಕುತ್ತಾನೆ, ಮೊಬೈಲಿನಲ್ಲಿ ‘ಒಪ್ಪಿದೆ’ ಎಂದು ಒತ್ತುತ್ತಾನೆ. ಅಲ್ಲಿ ಈ ಪಟ್ಟಿ ಅವನನ್ನು ದಾರಿ ತಪ್ಪಿಸುತ್ತದೆ.

ಇಂಥ ಪಟ್ಟಿಗಳ ಮೂಲಪುರುಷನೆಂದು ಎಲ್ಲರೂ ಬೆರಳು ತೋರಿಸುವುದು ಪೀಟರ್ ಮಾರ್ಕ್ ರಾಜೆಟ್‌ನ ಕಡೆಗೆ. ಆತನ ಥೆಸಾರಸ್ ಪ್ರಕಟವಾದದ್ದು 1852ರಲ್ಲಿ. ಈತ ವೃತ್ತಿಯಿಂದ ವೈದ್ಯ, ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದವನು. ಘಾತ ಮತ್ತು ಮೂಲಗಳನ್ನು ಲೆಕ್ಕ ಹಾಕಬಲ್ಲ ಲಾಗ್-ಲಾಗ್ ಸ್ಲೈಡ್ ರೂಲನ್ನು 1815ರಲ್ಲಿ ವಿವರಿಸಿದವನೂ ಈತನೇ ಎಂಬುದು ನಮ್ಮ ಓದುಗರಿಗೆ ಹೆಚ್ಚು ಇಷ್ಟವಾದೀತು. ಅವನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಅವನು ಪದಗಳನ್ನು ಭಾವನೆಗಳ ವರ್ಗಗಳಲ್ಲಿ ಜೋಡಿಸಿದ, ಅರ್ಥ ಹೇಳಲಿಲ್ಲ. ಅರ್ಥ ಬಲ್ಲವನು ತನಗೆ ಬೇಕಾದ ಪದವನ್ನು ಆರಿಸಿಕೊಳ್ಳಲಿ ಎಂಬುದು ಅವನ ಏರ್ಪಾಡು. ನಮ್ಮ ಕೈಪಿಡಿಗಳು ಆ ಆಯ್ಕೆಯ ಕೆಲಸವನ್ನೇ ಕೈಬಿಟ್ಟು ಪದಗಳ ನಡುವೆ ಸಮ ಚಿಹ್ನೆ ಹಾಕಿವೆ.

ಕನ್ನಡದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಮಂತ್ರಿಗಳು ಸ್ವೀಕರಿಸುವುದು ‘ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣವಚನ’. ಇಲ್ಲಿ ಗೋಪ್ಯತೆ ಎಂದರೆ ಸೀಕ್ರೆಸಿ, ಸರ್ಕಾರದ ಗುಟ್ಟನ್ನು ಹೊರಗೆಡಹದಿರುವ ಕರ್ತವ್ಯ. ಮೊಬೈಲ್ ತಂತ್ರಾಂಶಗಳು ಕನ್ನಡದಲ್ಲಿ ತೋರಿಸುವ ‘ಗೌಪ್ಯತಾ ನೀತಿ’ಯಲ್ಲಿ ಅದೇ ಪದ ಪ್ರೈವಸಿ. (‘ಗೋಪ್ಯ’ಕ್ಕೆ ‘ತೆ’ ಸೇರಿದರೆ ಸಾಕು, ‘ಗೌಪ್ಯತೆ’ ಎಂಬುದರಲ್ಲಿ ಭಾವಪ್ರತ್ಯಯ ಎರಡು ಸಲ ಸೇರಿದೆ. ಅದು ವೈಯಾಕರಣರ ಜಗಳ, ಇಲ್ಲಿಗೆ ಬೇಡ.) ಒಂದು ಕರ್ತವ್ಯ, ಇನ್ನೊಂದು ಹಕ್ಕು, ಎರಡಕ್ಕೂ ಒಂದೇ ಹೆಸರು. ಹೀಗಾಗಿ ‘ನಿನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ?’ ಎಂಬ ಪ್ರಶ್ನೆಗೆ ನಮ್ಮ ಹುಡುಗರು ತಡಬಡಾಯಿಸುತ್ತಾರೆ. ಪ್ರೈವಸಿಯನ್ನು ಮುಚ್ಚಿಡುವುದೆಂದೇ ಕಲಿತವರಿಗೆ ಆ ಪ್ರಶ್ನೆಯೇ ತಪ್ಪು ಎಂದು ಹೊಳೆಯುವುದಿಲ್ಲ. ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳುವವರು ಒಳಗೆ ಯಾವ ಗುಟ್ಟನ್ನೂ ಕಾಪಾಡುತ್ತಿರುವುದಿಲ್ಲ.

ಈ ಪದಗಳ ಅಂತರವನ್ನು ತರಗತಿಯಲ್ಲಿ ತೋರಿಸಲು 1948ರ ಜನಗಣತಿ ಕಾಯ್ದೆಗಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. 2011ರಲ್ಲಿ ನಿಮ್ಮಲ್ಲಿ ಅನೇಕರು ಗಣತಿದಾರರಾಗಿ ಮನೆ ಮನೆ ಅಲೆದವರೇ. ಈ ಕಾಯ್ದೆಯ 8ನೆಯ ಸೆಕ್ಷನ್ನಿನ ಪ್ರಕಾರ ಗಣತಿದಾರ ಕೇಳಿದ ಪ್ರಶ್ನೆಗೆ ತಿಳಿದಷ್ಟು ಉತ್ತರಿಸುವುದು ಕಡ್ಡಾಯ. ಅಂದರೆ ಇಲ್ಲಿ ಸೀಕ್ರೆಸಿಗೆ ಅವಕಾಶವಿಲ್ಲ. ಆದರೆ ಅದೇ ಸೆಕ್ಷನ್ನಿಗೆ ಒಂದು ವಿನಾಯಿತಿ ಅಂಟಿಕೊಂಡಿದೆ: ಮನೆಯ ಹೆಣ್ಣುಮಕ್ಕಳ ಹೆಸರನ್ನು ಹೇಳಲೇಬೇಕೆಂಬ ಕಟ್ಟಲೆ ಯಾರಿಗೂ ಇಲ್ಲ, ಹೆಣ್ಣುಮಗಳು ತನ್ನ ಗಂಡನ ಹೆಸರನ್ನಾಗಲಿ, ರೂಢಿಯಂತೆ ತಾನು ಉಚ್ಚರಿಸಬಾರದ ಬೇರೆ ಹೆಸರನ್ನಾಗಲಿ ಹೇಳಬೇಕಿಲ್ಲ. ಗಂಡನ ಹೆಸರನ್ನು ಒಡಪಿನಲ್ಲಿ ಮಾತ್ರ ಹೇಳುವ ಉತ್ತರ ಕರ್ನಾಟಕದ ಹೆಂಗಸರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆ ಹೆಸರು ಇಡೀ ಊರಿಗೇ ಗೊತ್ತು, ಅದರಲ್ಲಿ ಗುಟ್ಟೇನಿಲ್ಲ. ಆದರೂ ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಪ್ರೈವಸಿ ಎಂದರೆ ಇದು.

ಇನ್ನು 15ನೆಯ ಸೆಕ್ಷನ್. ಗಣತಿದಾರರು ಬರೆದುಕೊಂಡ ದಾಖಲೆಯನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಈ ಕಾಯ್ದೆಯಡಿಯ ಅಪರಾಧಗಳ ವಿಚಾರಣೆಯ ಹೊರತು ನ್ಯಾಯಾಲಯದಲ್ಲಿ ಅದು ಸಾಕ್ಷ್ಯವೂ ಆಗದು. ಅನುಮತಿಯಿಲ್ಲದೆ ಮಾಹಿತಿ ಬಯಲು ಮಾಡಿದ ಗಣತಿದಾರನಿಗೆ ಶಿಕ್ಷೆಯಿದೆ. ನೀವು ನಂಬಿ ಹೇಳಿದ್ದೀರಿ, ಕೇಳಿದವನು ಅದನ್ನು ಕಾಯಬೇಕು. ಇದು ಕಾನ್ಫಿಡೆನ್ಶಿಯಾಲಿಟಿ, ಆ ಪದದ ಒಳಗಿರುವ ಲ್ಯಾಟಿನ್ ಧಾತುವಿನ ಅರ್ಥವೇ ನಂಬಿಕೆ. ಕೊನೆಗೆ ಅಚ್ಚಾಗಿ ಬರುವ ಕೋಷ್ಟಕಗಳಲ್ಲಿ ಜಿಲ್ಲೆ, ತಾಲ್ಲೂಕು, ವಯೋಮಾನ ಇರುತ್ತವೆ, ಯಾರ ಹೆಸರೂ ಇರುವುದಿಲ್ಲ. ಅದು ಅನಾನಿಮಿಟಿ. ಒಂದೇ ಕಾಯ್ದೆ ಈ ನಾಲ್ಕನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡು ನಡೆಯುತ್ತದೆ. ಕೈಪಿಡಿ ಅವನ್ನು ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಮುಗಿಸುತ್ತದೆ.

ನಾಲ್ಕನೆಯ ಪದ ವಿಜ್ಞಾನದ ವಿದ್ಯಾರ್ಥಿಗೆ ಹೆಚ್ಚು ಮುಖ್ಯ, ಏಕೆಂದರೆ ಅದನ್ನು ಅಳೆಯಬಹುದು. 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಎರಡರ 26ನೆಯ ಘಾತ 6,71,08,864. ಅಂದರೆ ಪ್ರತಿಸಲವೂ ಗುಂಪನ್ನು ಸರಿಯಾಗಿ ಅರ್ಧ ಮಾಡುವ ಇಪ್ಪತ್ತಾರು ಹೌದು-ಅಲ್ಲ ಪ್ರಶ್ನೆಗಳು ಸಿಕ್ಕರೆ, ಇಡೀ ರಾಜ್ಯದಲ್ಲಿ ಒಬ್ಬರನ್ನು ಹೆಸರು ಕೇಳದೆಯೇ ಗುರುತಿಸಬಹುದು. ಹುಟ್ಟಿದ ದಿನ ಮತ್ತು ತಿಂಗಳು ತಿಳಿದರೆ ಅದರಲ್ಲಿ ಎಂಟೂವರೆ ಪ್ರಶ್ನೆ ಮುಗಿದಂತೆ. ಅರವತ್ತು ಮಕ್ಕಳ ತರಗತಿಯನ್ನೇ ತೆಗೆದುಕೊಳ್ಳಿ. ಹುಟ್ಟುಹಬ್ಬಗಳು ವರ್ಷದುದ್ದಕ್ಕೂ ಸಮನಾಗಿ ಹರಡಿವೆ ಎಂದಿಟ್ಟುಕೊಂಡರೆ, ಒಂದು ಮಗುವಿನ ದಿನ ಬೇರಾರಿಗೂ ಬಾರದಿರುವ ಸಂಭಾವ್ಯತೆ 364/365ರ 59ನೆಯ ಘಾತ, ಸುಮಾರು 0.85. ಅಂದರೆ ಸರಾಸರಿ ಐವತ್ತೊಂದು ಮಕ್ಕಳನ್ನು ಹುಟ್ಟಿದ ದಿನವೊಂದೇ ಬಯಲು ಮಾಡುತ್ತದೆ. (ಶಾಲಾ ದಾಖಲೆಗಳಲ್ಲಿ ಅರ್ಧ ಊರೇ ಜೂನ್ 1ರಂದು ಹುಟ್ಟಿರುವ ಕಡೆ ಈ ಲೆಕ್ಕ ಕೈಕೊಡುತ್ತದೆ, ಹಿಂದಿನ ಮೇಷ್ಟ್ರುಗಳು ತಮಗರಿವಿಲ್ಲದೆ ಮಾಡಿದ ಉಪಕಾರ!) ಹೆಸರು ತೆಗೆದು, ಹುಟ್ಟಿದ ದಿನಾಂಕ ಉಳಿಸಿ, ಅಂಕಪಟ್ಟಿಯನ್ನೋ ರಕ್ತಹೀನತೆಯ ತಪಾಸಣೆಯ ಪಟ್ಟಿಯನ್ನೋ ವಾಟ್ಸಾಪ್ ಗುಂಪಿಗೆ ಹಾಕಿದವರು ‘ಅನಾಮಧೇಯವಾಗಿ ಪ್ರಕಟಿಸಿದ್ದೇವೆ’ ಎಂದರೆ ಒಪ್ಪಬಹುದೇ?

ಇದು ಬರಿಯ ಊಹೆಯಲ್ಲ. 1990ರ ದಶಕದಲ್ಲಿ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ವಿಮಾ ಸಂಸ್ಥೆಯೊಂದು ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ಅಳಿಸಿ ಸಂಶೋಧಕರಿಗೆ ಕೊಟ್ಟಿತು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಕೇಂಬ್ರಿಜ್ ಊರಿನ ಮತದಾರರ ಪಟ್ಟಿಯನ್ನು ಇಪ್ಪತ್ತು ಡಾಲರಿಗೆ ಕೊಂಡು, ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಕೇತ ಈ ಮೂರನ್ನು ತಾಳೆ ನೋಡಿ, ಸ್ವತಃ ರಾಜ್ಯಪಾಲ ವಿಲಿಯಂ ವೆಲ್ಡ್ ಅವರ ದಾಖಲೆಯನ್ನೇ ಹೆಕ್ಕಿ ತೆಗೆದರು. ಈ ಮೂರೇ ಅಂಶಗಳು ಅಮೆರಿಕದ ಶೇಕಡ 87ರಷ್ಟು ಜನರನ್ನು ಗುರುತಿಸಬಲ್ಲವು ಎಂದು 2000ದಲ್ಲಿ ಅವರು ಅಂದಾಜು ಮಾಡಿದರು. ಹೆಸರಿಲ್ಲದಿರುವುದೂ ಗುರುತು ಸಿಗದಿರುವುದೂ ಒಂದೇ ಎಂದು ಸಂಸ್ಥೆ ತಿಳಿದಿತ್ತು. ಅದೂ ಒಂದು ಸಮಾನಾರ್ಥಕದ ತಪ್ಪೇ.

‘ನೀತಿ’ಯ ಅವಸ್ಥೆ ಇನ್ನೂ ಬಿಗಡಾಯಿಸಿದೆ. ಎಥಿಕ್ಸ್, ಮೊರಾಲಿಟಿ, ಪಾಲಿಸಿ ಮೂರಕ್ಕೂ ನಾವು ನೀತಿ ಎನ್ನುತ್ತೇವೆ. ಚುನಾವಣೆಯ ಮಾದರಿ ನೀತಿ ಸಂಹಿತೆಯಲ್ಲಿ ಅದು ನಡವಳಿಕೆ. ಸ್ಪ್ರಿಂಗಿನ ಸ್ಥಿರಾಂಕಕ್ಕೂ ಬೋಲ್ಟ್ಸ್‌ಮನ್ ಸ್ಥಿರಾಂಕಕ್ಕೂ ಒಂದೇ ‘ಕೆ’ ಅಕ್ಷರ ಬಳಸಿದಂತೆ. ಭೌತಶಾಸ್ತ್ರದಲ್ಲಿ ಏಕಮಾನ ನಮ್ಮನ್ನು ಕಾಪಾಡುತ್ತದೆ; ಇಲ್ಲಿ ಆ ಅನುಕೂಲವಿಲ್ಲ. ‘ಗೌಪ್ಯತಾ ನೀತಿ’ ಎಂದು ಓದಿದವನಿಗೆ ಅದೇನೋ ಕಂಪನಿಯ ಸದಾಚಾರದ ವ್ರತವೆಂದು ತೋರುತ್ತದೆ. ವಾಸ್ತವದಲ್ಲಿ ಅದು ನಿಮ್ಮ ಮಾಹಿತಿಯನ್ನು ತಾವು ಹೇಗೆಲ್ಲ ಬಳಸುತ್ತೇವೆ, ಯಾರಿಗೆಲ್ಲ ಕೊಡುತ್ತೇವೆ ಎಂಬ ಕಂಪನಿಯ ಹೇಳಿಕೆ. ನೀತಿವಂತವೂ ಇರಬಹುದು, ಇಲ್ಲದಿರಬಹುದು.

ಕನ್ಸೆಂಟ್, ಅಸೆಂಟ್ ಎಂಬ ಜೋಡಿಯೂ ಹೀಗೆಯೇ. ಕೈಪಿಡಿಯಲ್ಲಿ ಎರಡೂ ‘ಒಪ್ಪಿಗೆ’. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಕನ್ಸೆಂಟ್ ಕೊಡುವವರು ತಂದೆತಾಯಿ, ಏಳು ವರ್ಷ ದಾಟಿದ ಮಗು ತನ್ನ ಪಾಲಿನ ಅಸೆಂಟ್ ಕೊಡಬೇಕು. ಮಗು ಬೇಡವೆಂದರೆ ಆ ಮಾತಿಗೂ ಬೆಲೆಯಿದೆ. ಶಾಲಾ ವಿಜ್ಞಾನ ಯೋಜನೆಗೆಂದು ಮನೆಮನೆಯ ಕಾಯಿಲೆ, ಶೌಚಾಲಯ, ಸಾಲದ ವಿವರ ಬರೆದು ತರಲು ಮಕ್ಕಳನ್ನು ಕಳುಹಿಸುವ ನಾವು ಈ ಎರಡರಲ್ಲಿ ಯಾವುದನ್ನು ಪಡೆಯುತ್ತೇವೆ? ಹಲವು ವರದಿಗಳಲ್ಲಿ ಯಜಮಾನರ ಹೆಸರಿನ ಸಮೇತ ಅನುಬಂಧವೇ ಇರುತ್ತದೆ.

ಕನ್ನಡ ಪದಗಳು ಇಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಪ್ರೈವಸಿ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದಾಗ ‘ಖಾಸಗಿತನ’ ಎಂಬ ಪದ ಪತ್ರಿಕೆಗಳಲ್ಲಿ ಓಡಾಡಿತು. ಅದನ್ನು ಪ್ರೈವಸಿಗೆ ಮೀಸಲಿಡೋಣ. ಸೀಕ್ರೆಸಿಗೆ ‘ಗುಟ್ಟು’ ಅಥವಾ ‘ರಹಸ್ಯ’, ಕಾನ್ಫಿಡೆನ್ಶಿಯಾಲಿಟಿಗೆ ‘ಗೋಪ್ಯತೆ’, ಅನಾನಿಮಿಟಿಗೆ ‘ಅನಾಮಧೇಯತೆ’. ಖಾಸಗಿ ಎಂದರೆ ಖಾಸಗಿ ಬಸ್ಸು, ಖಾಸಗಿ ಶಾಲೆ ನೆನಪಾಗುತ್ತದೆ ಎಂಬ ಆಕ್ಷೇಪವನ್ನು ಬಲ್ಲೆ. ‘ಪ್ರೈವೇಟ್’ ಪದಕ್ಕೂ ಇಂಗ್ಲಿಷಿನಲ್ಲಿ ಅದೇ ಗತಿ, ಅಲ್ಲಿ ಯಾರೂ ಗೊಂದಲಕ್ಕೊಳಗಾಗಿಲ್ಲ.

ಇಂಗ್ಲಿಷ್ ಶಿಕ್ಷಕರಲ್ಲಿ ಒಂದು ಕೋರಿಕೆ. ಸಮಾನಾರ್ಥಕ ಬರೆಯಿರಿ ಎಂಬ ಪ್ರಶ್ನೆಯ ಬದಲು ಮೂರು ವಾಕ್ಯ ಕೊಟ್ಟು ನೋಡಿ: ವೈದ್ಯರು ರೋಗಿಯ ಕಾಯಿಲೆಯನ್ನು ನೆರೆಯವರಿಗೆ ತಿಳಿಸಿದರು, ಅಣ್ಣ ತಂಗಿಯ ದಿನಚರಿ ತೆರೆದು ಓದಿದ, ಹೆಸರು ಬರೆಯದೆ ಹಾಕಿದ ದೂರಿನ ಕಾಗದವನ್ನು ಕೈಬರಹದಿಂದ ಪತ್ತೆ ಹಚ್ಚಿದರು. ಎಲ್ಲೆಲ್ಲಿ ಯಾವುದಕ್ಕೆ ಭಂಗ ಬಂತು ಎಂದು ಕೇಳಿ. ಮೊದಲನೆಯದಕ್ಕೆ ಎರಡು ಉತ್ತರ ಬರುವ ಸಾಧ್ಯತೆಯಿದೆ. ಬಂದರೆ ಎರಡೂ ಕಡೆಯವರು ತಮ್ಮ ವಾದವನ್ನು ಹಲಗೆಯ ಮೇಲೆ ಬರೆಯಲಿ.